ಮಿಲೋಯ್ಕಾ ಅಡುಗೆಮನೆಯ ಕುರ್ಚಿ ಹೊತ್ತು ತಂದದ್ದು

ಮಿಲೋಯ್ಕಾ ನಮ್ಮ ರಾಜಧಾನಿ ಲ್ಯುಬ್ಲಿಯಾನಾದ ಸಂತೆಯಲ್ಲಿ ಒಂದು ಎಲೆಕೋಸಿಗೂ ಚೌಕಾಶಿ ಮಾಡಿದವಳಲ್ಲ. ಮಾರುವವಳು ಮೂರು ಯೂರೋ ಎಂದರೆ ಮೂರು ಕೊಟ್ಟು, "ಪಾಪ, ಚಳಿಯಲ್ಲಿ ನಿಂತಿದೀರಿ" ಎಂದು ಮೇಲೆ ಐವತ್ತು ಸೆಂಟ್ ಇಟ್ಟು ಬರುವ ಹೆಂಗಸು. ಅವಳನ್ನು ಒಬ್ಬಳನ್ನೇ ಸಂತೆಗೆ ಕಳಿಸುವುದನ್ನು ಗಂಡ ಈವೋ ಯಾವಾಗಲೋ ನಿಲ್ಲಿಸಿದ್ದ. ಇಂಥವಳನ್ನು ಹುಡುಕಿ ತಂದು, ದೇಶದ ಆರೋಗ್ಯ ವಿಮೆಯ ಪರವಾಗಿ ಔಷಧ ಕಂಪನಿಗಳ ಎದುರು ಬೆಲೆ ಮಾತಾಡಲು ಕೂರಿಸಿದ್ದರು. ಹದಿನಾಲ್ಕು ವರ್ಷ ಕೂತಳು. ನಾನು, ತಿಲ್ಕಾ, ಆ ಹದಿನಾಲ್ಕು ವರ್ಷವೂ ಅವಳ ಎಡಗಡೆ ಕೂತು ಸಭೆಯ ನಡಾವಳಿ ಬರೆದವಳು.

ಅವಳು ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳುತ್ತಿದ್ದಳು, ಆಮೇಲೆ ಕನ್ನಡಕ ತೆಗೆದು ಒರೆಸುತ್ತಿದ್ದಳು. ಅಷ್ಟೇ. ಆ ಕನ್ನಡಕಕ್ಕೆ ದೇಶದ ಎಷ್ಟು ಔಷಧಗಳ ಬೆಲೆ ಇಳಿದಿದೆಯೋ ದೇವರೇ ಬಲ್ಲ. ಕಂಪನಿಯವರಿಂದ ಒಂದು ಬಿಸ್ಕತ್ತನ್ನೂ ಮುಟ್ಟಬಾರದೆಂಬ ನಿಯಮವಿದ್ದುದರಿಂದ, ಅವರಿಗೆ ಕಾಫಿ ಕೊಡುವ ಭಾರ ನಮ್ಮದಾಗಿತ್ತು. ನಮ್ಮ ಯಂತ್ರದ ಕಾಫಿ ಎಷ್ಟು ಕೆಟ್ಟದಾಗಿತ್ತೆಂದರೆ, ಅದನ್ನು ರಿಪೇರಿ ಮಾಡಿಸದಂತೆ ಮಿಲೋಯ್ಕಾಳೇ ತಡೆದಿದ್ದಾಳೆಂದು ಕಚೇರಿಯಲ್ಲಿ ಮಾತಿತ್ತು.

ಆ ವರ್ಷ ಬಂದದ್ದು ಸ್ನಾಯುಗಳು ಮೆಲ್ಲಗೆ ಸೊರಗುವ ಒಂದು ಕಾಯಿಲೆಯ ಔಷಧ. ದೇಶದಲ್ಲಿ ಆ ರೋಗಿಗಳು ಇದ್ದವರೇ ಇಪ್ಪತ್ತಮೂರು ಜನ, ಒಂದು ಬಸ್ಸಿನಲ್ಲಿ ಆರಾಮಾಗಿ ಕೂರುವಷ್ಟು. ಬೆಲೆ ಒಬ್ಬರಿಗೆ ವರ್ಷಕ್ಕೆ ಒಂದು ಲಕ್ಷ ತೊಂಬತ್ತು ಸಾವಿರ ಯೂರೋ. ಕಂಪನಿಯ ಪರವಾಗಿ ಬಂದವನು ರಾಡೋ. ಈ ರಾಡೋ ಓದುತ್ತಿದ್ದಾಗ ವಿಪಾವಾ ಕಣಿವೆಯ ಔಷಧಿ ಅಂಗಡಿಯೊಂದರಲ್ಲಿ ಮಿಲೋಯ್ಕಾಳ ಕೈಕೆಳಗೆ ಕೆಲಸ ಕಲಿತವನು. ಈಗ ಬೂಟು ಫಳಫಳ ಹೊಳೆಯುತ್ತಿತ್ತು, ಆದರೆ ಅವಳೆದುರು ಕೂರುವಾಗ ಮಾತ್ರ ಮೊಣಕೈ ಮೇಜಿನ ಮೇಲಿಡುತ್ತಿರಲಿಲ್ಲ.

"ಮೇಡಂ, ಈ ಬೆಲೆ ಎಲ್ಲ ದೇಶಕ್ಕೂ ಒಂದೇ," ಎಂದ.

"ಹೌದಾ? ಹಾಗಾದ್ರೆ ಗಡಿಯಾಚೆ ಝಾಗ್ರೆಬ್‌ನೋರು ಎಷ್ಟು ಕೊಡ್ತಿದಾರೆ?"

"ಅದು ಗುಟ್ಟು ಮೇಡಂ. ಹೇಳೋ ಹಾಗಿಲ್ಲ."

"ಎಲ್ಲರಿಗೂ ಒಂದೇ ಆದ್ರೆ ಗುಟ್ಟು ಯಾಕಪ್ಪ?"

ರಾಡೋ ಕಾಫಿ ಕುಡಿದ. ಕುಡಿಯಬಾರದಿತ್ತು.

ನೆರೆಯವರು ಏನು ಕೊಡುತ್ತಾರೆಂಬುದು ಯಾರಿಗೂ ತಿಳಿಯದ ಹಾಗೆ ಎಲ್ಲರ ಬಾಯಿಯನ್ನೂ ಒಪ್ಪಂದವೇ ಹೊಲಿದಿರುತ್ತದೆ. ಆದರೂ ಮಿಲೋಯ್ಕಾ ಝಾಗ್ರೆಬ್‌ನಲ್ಲಿ ಇದೇ ಕೆಲಸ ಮಾಡುವ ದುಬ್ರಾವ್ಕಾಗೆ ಫೋನ್ ಮಾಡಿದಳು.

"ನಾನೇನೂ ಹೇಳಲ್ಲ ನೋಡು," ಎಂದಳು ದುಬ್ರಾವ್ಕಾ, ಎತ್ತಿದ ಕೂಡಲೇ.

"ನಾನೆಲ್ಲಿ ಕೇಳ್ದೆ? ನಿಮ್ಮಲ್ಲಿ ಹವೆ ಹೇಗಿದೆ ಅಂತ ಮಾಡ್ದೆ."

"ಹವೆನಾ? ಬಿಸಿಲಿದೆ. ಆದ್ರೂ ಕೋಟು ಹಾಕ್ಕೊಂಡೇ ಓಡಾಡ್ತಿದೀನಿ."

ಬಿಸಿಲು ಎಂದರೆ ಬೆಲೆ ಇಳಿದಿದೆ ಎಂದೋ, ಕೋಟು ಎಂದರೆ ಇಳಿದದ್ದು ಸಾಲದು ಎಂದೋ? ಮಿಲೋಯ್ಕಾ ಒಂದು ವಾರ ತಲೆ ಕೆಡಿಸಿಕೊಂಡಳು. ನನಗನ್ನಿಸುವಂತೆ ದುಬ್ರಾವ್ಕಾಗೆ ನಿಜಕ್ಕೂ ನೆಗಡಿಯಾಗಿತ್ತು.

ಎರಡನೇ ಸಭೆಯಲ್ಲಿ ಔಷಧದ ಗುಣದ ಮಾತು ಬಂತು. ಕಂಪನಿಯ ಅಧ್ಯಯನದಲ್ಲಿ, ಔಷಧ ತೆಗೆದುಕೊಂಡವರು ಆರು ನಿಮಿಷದಲ್ಲಿ ಉಳಿದವರಿಗಿಂತ ಮೂವತ್ತೊಂದು ಮೀಟರ್ ಹೆಚ್ಚು ನಡೆದಿದ್ದರು.

"ಮೂವತ್ತೊಂದು ಮೀಟರ್ ಅಂದ್ರೆ ಏನು?" ಎಂದಳು ಮಿಲೋಯ್ಕಾ.

"ಅಂಕಿಅಂಶದ ಪ್ರಕಾರ ಗಣನೀಯ, ಮೇಡಂ."

"ಅಂಕಿಅಂಶಕ್ಕೆ ಆಯ್ತು. ಮನುಷ್ಯಂಗೆ ಏನು?"

ಕಂಪನಿಯವರು ಇನ್ನೊಂದು ರೇಖಾನಕ್ಷೆ ತೋರಿಸಿದರು. ಅವಳು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ಮೂರನೇ ಸಲವೂ ಕೇಳಿದಳು. ಕನ್ನಡಕ ತೆಗೆದು ಒರೆಸಿದಳು. ನಿಜ ಹೇಳಬೇಕೆಂದರೆ ಆ ಮೀಟರುಗಳ ಅರ್ಥ ನಮಗೂ ಗೊತ್ತಿರಲಿಲ್ಲ.

ಮರುದಿನ ಅವಳು ನನ್ನನ್ನೂ ಎಳೆದುಕೊಂಡು ಆಸ್ಪತ್ರೆಗೆ ಹೊರಟಳು. ಆ ಕಾಯಿಲೆಯವರನ್ನು ಅಲ್ಲಿನ ಉದ್ದನೆಯ ಪಡಸಾಲೆಯಲ್ಲಿ ನಡೆಸಿ ಅಳೆಯುತ್ತಿದ್ದರು. ಅಳತೆ ಮುಗಿಸಿ ಬೆಂಚಿನ ಮೇಲೆ ಏದುಸಿರು ಬಿಡುತ್ತ ಕೂತಿದ್ದವಳು ಪಾವ್ಲಾ, ಒಂದು ಶಾಲೆಯ ಅಡುಗೆಯವಳು, ನಲವತ್ತಾರು ವರ್ಷ.

"ನೀವು ಡಾಕ್ಟರಾ?" ಎಂದಳು.

"ಅಲ್ಲ, ವಿಮೆ ಕಚೇರಿಯೋಳು."

"ಓ, ಬೇಡ ಅನ್ನೋರು."

"ಬೇಡ ಅನ್ನೋರಲ್ಲ. ಎಷ್ಟು ಅನ್ನೋರು."

ಪಾವ್ಲಾ ನಕ್ಕಳು. ನಕ್ಕ ಮೇಲೆ ಮಾತು ಸಲೀಸಾಯಿತು. ಮೂವತ್ತೊಂದು ಮೀಟರ್ ಹೆಚ್ಚು ನಡೆದರೆ ಏನು ಪ್ರಯೋಜನ ಎಂದು ಮಿಲೋಯ್ಕಾ ಕೇಳಿದಳು.

"ಏನು ಪ್ರಯೋಜನ? ಇಷ್ಟುದ್ದ ಪಡಸಾಲೆ ನಮ್ಮನೇಲಿ ಎಲ್ಲಿದೆ? ನಡಿಯೋದು ಹೇಗೋ ನಡೀತೀನಿ. ಕೂತ್ರೆ ಏಳಕ್ಕಾಗಲ್ಲ, ಅದು ನೋಡಿ ಕಷ್ಟ. ಪಾಯಖಾನೇಲಿ ಕೂತು ಅತ್ತೇನ ಕೂಗ್ತೀನಿ. ಎಪ್ಪತ್ತೆಂಟು ವರ್ಷದ ಮುದುಕಿ ಬಂದು ನನ್ನ ಎತ್ತಿ ನಿಲ್ಲಿಸ್ತಾಳೆ. ಇಪ್ಪತ್ತು ವರ್ಷ ಜಗಳ ಆಡಿದ್ವಿ, ಕೊನೆಗೆ ಎಲ್ಲಾನೂ ಅವಳೇ ಗೆದ್ದಂಗಾಯ್ತು."

ಮೂರನೇ ಸಭೆಗೆ ಮಿಲೋಯ್ಕಾ ಹೊಸ ಷರತ್ತು ತಂದಳು. ಇಪ್ಪತ್ತಮೂರು ಜನರಿಗೂ ಔಷಧ ಶುರು ಮಾಡೋಣ. ಒಂದು ವರ್ಷವಾದ ಮೇಲೆ, ಕೈ ಊರದೆ ಕುರ್ಚಿಯಿಂದ ಏಳುವವರ ಔಷಧಕ್ಕೆ ಮಾತ್ರ ನಾವು ಹಣ ಕೊಡುತ್ತೇವೆ. ಏಳಲಾಗದವರಿಗಾಗಿ ಆ ವರ್ಷ ಕೊಟ್ಟ ಹಣವನ್ನು ಕಂಪನಿ ಹಿಂದಿರುಗಿಸಬೇಕು, ಅವರ ಔಷಧ ನಿಲ್ಲಬೇಕು.

ಪರದೆಯ ಮೇಲಿದ್ದ, ರಾಡೋನ ವಿಯೆನ್ನಾದ ಮೇಲಧಿಕಾರಿ ಕೆಮ್ಮಿದರು. "ನಮ್ಮ ಅಧ್ಯಯನ ನಡಿಗೆ ಬಗ್ಗೆ, ಮೇಡಂ."

"ನಮ್ಮ ದೇಶದಲ್ಲಿ ಜನ ಕೂರೋದೂ ಉಂಟು, ಸ್ವಾಮಿ."

ರಾಡೋ ತಲೆ ತಗ್ಗಿಸಿ ಕಾಗದ ತಿರುವಿ ಹಾಕತೊಡಗಿದ. ಇನ್ನೂರ ಹನ್ನೆರಡನೇ ಪುಟದಲ್ಲಿ, ಯಾರೂ ಓದದ ಅನುಬಂಧದಲ್ಲಿ, ಕುರ್ಚಿಯಿಂದ ಏಳುವುದನ್ನೂ ಅಳೆದಿಟ್ಟಿದ್ದರು. ಫಲಿತಾಂಶ ನಡಿಗೆಗಿಂತ ಚೆನ್ನಾಗಿತ್ತು! ತಮ್ಮ ಔಷಧ ಇಷ್ಟು ಒಳ್ಳೆಯದೆಂದು ಕಂಪನಿಯವರಿಗೆ ಗೊತ್ತಾದದ್ದು ಮಿಲೋಯ್ಕಾಳಿಂದ. ಎರಡು ಕಡೆಯವರಿಗೂ ಒಮ್ಮೆಲೇ ಕುರ್ಚಿಯ ಮೇಲೆ ಪ್ರೀತಿ ಹುಟ್ಟಿತು.

ಜಗಳ ಶುರುವಾದದ್ದು ಆಗ. ಯಾವ ಕುರ್ಚಿ? ವಿಯೆನ್ನಾದವರು ಐವತ್ತು ಸೆಂಟಿಮೀಟರ್ ಎತ್ತರ ಎಂದರು. ನಮ್ಮವರು ನಲವತ್ತು ಎಂದರು. ಕುರ್ಚಿ ಎತ್ತರವಾದಷ್ಟೂ ಏಳುವುದು ಸುಲಭ, ಏಳುವವರು ಹೆಚ್ಚಾದಷ್ಟೂ ಕಂಪನಿಗೆ ಲಾಭ. ಒಂದು ಇಡೀ ಮಧ್ಯಾಹ್ನ ಇದರಲ್ಲೇ ಹೋಯಿತು.

"ಮರದ ಕೊಂಬೆ ಮೇಲೆ ಕೂರಿಸಿದ್ರೆ ಎಲ್ಲಾರೂ ಇಳಿದು ನಿಂತ್ಕೋತಾರೆ," ಎಂದಳು ಮಿಲೋಯ್ಕಾ.

ಮುಂದಿನ ವಾರ ಅವಳು ತನ್ನ ಅಡುಗೆಮನೆಯ ಕುರ್ಚಿಯನ್ನು ಬಸ್ಸಿನಲ್ಲಿ ಹೊತ್ತು ತಂದಳು. ಬಸ್ಸು ತುಂಬಿತ್ತಂತೆ. ಕುರ್ಚಿಯನ್ನು ಕೆಳಗಿಟ್ಟದ್ದೇ ತಡ, ಒಬ್ಬ ಮುದುಕ "ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ" ಎಂದು ಅದರ ಮೇಲೆ ಕೂತುಬಿಟ್ಟ. ಎಬ್ಬಿಸಲು ಇವಳಿಗೆ ನಾಚಿಕೆ. ಅವನು ಇಳಿಯುವವರೆಗೆ ಕಾದು, ಎರಡು ನಿಲ್ದಾಣ ಮುಂದೆ ಹೋಗಿ, ಕುರ್ಚಿ ಹೊತ್ತು ಹಿಂದಕ್ಕೆ ನಡೆದು ಬಂದಳು. ಐವತ್ತು ಸಾವಿರ ಯೂರೋ ಇಳಿಸಿ ಎಂದು ಕಣ್ಣು ಮಿಟುಕಿಸದೆ ಕೇಳುವ ಹೆಂಗಸು ಇವಳೇ.

ಆ ದಿನ ವಿಯೆನ್ನಾದವರು ಖುದ್ದಾಗಿ ಬಂದಿದ್ದರು. ದಪ್ಪನೆಯ, ಒಳ್ಳೆಯ ಮನುಷ್ಯ. ಮಿಲೋಯ್ಕಾ ಕುರ್ಚಿ ತೋರಿಸಿ, "ಕೂತು ನೋಡಿ," ಎಂದಳು. ಕೂತರು. ಏಳಲು ಹೋಗಿ ಮೇಜಿಗೆ ಎರಡೂ ಕೈ ಊರಿದರು. ಯಾರೂ ನಗಲಿಲ್ಲ, ಅವರೇ ನಕ್ಕರು. ರಾಡೋ ಟೇಪು ಹಿಡಿದು ಅಳೆದ, ನಲವತ್ನಾಲ್ಕು. ಅಷ್ಟಕ್ಕೇ ಒಪ್ಪಂದವಾಯಿತು.

ಕೊನೆಗೆ ನಿಂತ ಬೆಲೆ ಎಷ್ಟೆಂದು ನಾನು ಹೇಳುವ ಹಾಗಿಲ್ಲ. ಈವೋಗೂ ತಿಳಿಯಲಿಲ್ಲ. ಅವನು ಕೇಳಿದ್ದಕ್ಕೆ "ನಿನ್ನೆಗಿಂತ ಕಡಿಮೆ" ಎಂದಳಂತೆ. "ಈ ಕೈಚಳಕ ಸಂತೇಲೂ ಸ್ವಲ್ಪ ತೋರ್ಸಬಾರ್ದಾ?" ಎಂದು ಅವನು ಕೆಣಕಿದ.

"ಅಲ್ಲಿ ಹೋಗೋದು ನನ್ನ ದುಡ್ಡು," ಎಂದಳು. "ಇದು ಊರೋರದ್ದು."

ಒಂದು ವರ್ಷ ಕಳೆಯಿತು. ಇಪ್ಪತ್ತಮೂರರಲ್ಲಿ ಹದಿನೈದು ಜನ ಕೈ ಊರದೆ ಎದ್ದರು. ಕಚೇರಿಯಲ್ಲಿ ಎಲ್ಲರೂ ಅವಳ ಬೆನ್ನು ತಟ್ಟಿದರು. ಉಳಿದ ಎಂಟು ಜನರಿಗೆ ಔಷಧ ನಿಲ್ಲಿಸುವ ಕಾಗದ ಹೋಗಬೇಕಿತ್ತು. ಆ ಪಟ್ಟಿಯಲ್ಲಿ ಪಾವ್ಲಾಳ ಹೆಸರಿತ್ತು.

ಕಾಗದ ಅಂಚೆಗೆ ಬೀಳುವ ಮೊದಲು ಮಿಲೋಯ್ಕಾ ರಜೆ ಹಾಕಿ, ನನ್ನನ್ನೂ ಕರೆದುಕೊಂಡು, ಪಾವ್ಲಾ ಅಡುಗೆ ಮಾಡುವ ಶಾಲೆಗೆ ಹೋದಳು. ಪಾವ್ಲಾ ಎತ್ತರದ ಸ್ಟೂಲಿಗೆ ಒರಗಿ ನಿಂತು ಬಾರ್ಲಿ ಗಂಜಿ ಬಡಿಸುತ್ತಿದ್ದಳು. ನಮಗೂ ಎರಡು ಬಟ್ಟಲು ತುಂಬಿಸಿ ಕೊಟ್ಟಳು.

"ಆ ಷರತ್ತು ಬರೆದೋಳು ನಾನೇ," ಎಂದಳು ಮಿಲೋಯ್ಕಾ.

"ಗೊತ್ತು. ಏಳೋದು ಕಷ್ಟ ಅಂತ ನಿಮಗೆ ಹೇಳಿಕೊಟ್ಟೋಳು ನಾನೇ ಅಲ್ವಾ? ತಿನ್ನಿ, ಆರೋಗುತ್ತೆ."

ಮಿಲೋಯ್ಕಾ ಚಮಚ ಮುಟ್ಟಲಿಲ್ಲ.

"ಒಂದು ಕೇಳ್ಲಾ?" ಎಂದಳು ಪಾವ್ಲಾ. "ಔಷಧಿಗೂ ಹಿಂದಿನ ವರ್ಷ ನಾನು ಪ್ರತಿ ತಿಂಗಳು ಒಂದೊಂದು ಕಳ್ಕೋತಿದ್ದೆ. ಮೊದ್ಲು ಮೆಟ್ಲು ಹತ್ತೋದು ಹೋಯ್ತು, ಆಮೇಲೆ ದೊಡ್ಡ ಪಾತ್ರೆ ಎತ್ತೋದು ಹೋಯ್ತು. ಔಷಧಿ ಶುರುವಾದ್ಮೇಲೆ ಏನೂ ಹೋಗಿಲ್ಲ. ಎದ್ದೂ ಇಲ್ಲ, ಬಿದ್ದೂ ಇಲ್ಲ. ಹೆಂಗಿದ್ನೋ ಹಂಗೇ ಇದೀನಿ. ಅದಕ್ಕೆ ನಿಮ್ಮ ಕಾಗದದಲ್ಲಿ ಜಾಗ ಇಲ್ವಾ?"

ಇರಲಿಲ್ಲ. ನಲವತ್ತು ಪುಟದ ಒಪ್ಪಂದದಲ್ಲಿ ಕುರ್ಚಿಯ ಕಾಲಿನ ಅಳತೆಯಿತ್ತು, ಇದಿರಲಿಲ್ಲ. ಮಿಲೋಯ್ಕಾಳ ಮುಖ ಕೆಂಪಾದದ್ದನ್ನು ಆ ದಿನ ಮೊದಲ ಬಾರಿ ನೋಡಿದೆ. ಬಸ್ಸಿನಲ್ಲಿ ಬರುವಾಗ, "ಇಷ್ಟು ವರ್ಷ ಬೇರೆಯೋರಿಗೆ ಪ್ರಶ್ನೆ ಕೇಳ್ದೆ ಕಣೆ ತಿಲ್ಕಾ," ಎಂದಳು, "ಇದೊಂದು ಕೇಳ್ಲಿಲ್ಲ."

ತಾನೇ ಗೆದ್ದ ಒಪ್ಪಂದವನ್ನು ತಾನೇ ಬಿಚ್ಚಲು ಹೊರಟವಳನ್ನು ನಮ್ಮ ನಿರ್ದೇಶಕರು ಹುಚ್ಚಿ ಎಂಬಂತೆ ನೋಡಿದರು. ರಾಡೋಗಂತೂ ನಂಬಿಕೆಯೇ ಬರಲಿಲ್ಲ. "ಮೇಡಂ, ನಿಮಗೆ ನಾವು ದುಡ್ಡು ವಾಪಸ್ ಕೊಡ್ಬೇಕು. ಅದನ್ನ ಬೇಡ ಅಂತಿದೀರಾ?"

"ಅರ್ಧ ಬೇಡ ಅಂತಿದೀನಿ. ಇದ್ದ ಹಾಗೇ ಉಳಿದೋರಿಗೆ ಅರ್ಧ ಬೆಲೆ. ಇನ್ನೂ ಸೊರಗಿದೋರಿಗೆ ಮೊದಲಿನ ಷರತ್ತೇ."

ನಾಲ್ಕು ತಿಂಗಳು ಹಿಡಿಯಿತು. ಅಷ್ಟು ದಿನವೂ ಎಂಟು ಜನರಿಗೆ ಬಿಟ್ಟಿಯಾಗಿ ಔಷಧ ಸಿಗುವಂತೆ ರಾಡೋ ವಿಯೆನ್ನಾದವರ ಕಾಲು ಹಿಡಿದ. ಇದನ್ನು ಅವನು ಯಾರಿಗೂ ಹೇಳಿಕೊಳ್ಳಲಿಲ್ಲವಾದ್ದರಿಂದ ನಾನು ಹೇಳುತ್ತಿದ್ದೇನೆ. ಕೊನೆಗೆ ಪಾವ್ಲಾ ಸೇರಿ ಐದು ಜನ ಔಷಧದಲ್ಲಿ ಉಳಿದರು. ಮೂವರಿಗೆ ನಿಂತಿತು. ಆ ಮೂರು ಮನೆಗೂ ಮಿಲೋಯ್ಕಾ ತಾನೇ ಹೋಗಿ ಬಂದಳು. ಒಂದು ಮನೆಯವರು ಬಾಗಿಲು ತೆಗೆಯಲಿಲ್ಲ.

ಆಮೇಲೆ ಅವಳು ಒಂದೇ ಒಂದು ಹಠ ಹಿಡಿದಳು, ಬೆಲೆ ಮಾತಾಡುವ ಮೇಜಿಗೆ ಒಬ್ಬ ರೋಗಿಯೂ ಬೇಕು. "ಅವರಿಗೆ ಇದೆಲ್ಲ ಅರ್ಥ ಆಗುತ್ತಾ?" ಎಂದರು ನಿರ್ದೇಶಕರು. "ನಮಗೆ ಆಗಿತ್ತಾ?" ಎಂದಳು.

ಹೀಗೆ ಪಾವ್ಲಾ ತಿಂಗಳ ಮೊದಲ ಬುಧವಾರ ನಮ್ಮಲ್ಲಿಗೆ ಬರತೊಡಗಿದಳು. ಮೊದಲ ಸಭೆಯಲ್ಲೇ ಬೇರೆ ಕಂಪನಿಯೊಂದು ತಲೆಶೂಲೆಯ ಔಷಧ ತಂದಿತ್ತು. ಐವತ್ತು ರೇಖಾನಕ್ಷೆ ತೋರಿಸಿದರು. ಪಾವ್ಲಾ ಕೈ ಎತ್ತಿದಳು.

"ತಲೆನೋವು ಕಮ್ಮಿ ಆಗುತ್ತೆ ಅಂದ್ರಿ, ಸರಿ. ಆ ದಿನ ಅವರು ಕೆಲಸಕ್ಕೆ ಹೋಗ್ತಾರಾ, ಕತ್ತಲೆ ಕೋಣೇಲಿ ಮಲಗೇ ಇರ್ತಾರಾ?"

ಕಂಪನಿಯ ಕೋಟು ತೊಟ್ಟ ನಾಲ್ವರು ನಕ್ಷೆಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವಿದರು. ಉತ್ತರ ತರಲು ಒಂದು ತಿಂಗಳು ಬೇಕೆಂದರು. ಮಿಲೋಯ್ಕಾ ಆಗಲಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಪಾವ್ಲಾ "ಹತ್ತು ದಿನ" ಎಂದಳು.