ಕಾರಿನ ಕಾಲಿಗೆ ನೀರು

ನಮ್ಮ ಅತ್ತೆಯವರ ಮೊಣಕಾಲಿಗೂ ಬಸ್ಸಿನ ಮೆಟ್ಟಿಲಿಗೂ ಎಂದೂ ಕೂಡಿಬರಲಿಲ್ಲ. ಒಂದು ಕಾಲು ಮೇಲಿಟ್ಟರೆ ಇನ್ನೊಂದು ಏಳುವುದಿಲ್ಲ, ಹಿಂದಿನವರು ನೂಕುತ್ತಾರೆ, ಕಂಡಕ್ಟರ್ ಸೀಟಿ ಊದುತ್ತಾನೆ. ಹಾಗಂತ ಅವರು ಸುಮ್ಮನೆ ಮೂಲೆ ಹಿಡಿದು ಕೂರುವವರೇನಲ್ಲ. ಇಂಡಿ ಊರಿನ ನಮ್ಮ ಮನೆ, ಹಿಂದಿನ ನಿಂಬೆ ತೋಟ, ಆಳುಗಳು, ಅಡುಗೆ, ಜೊತೆಗೆ ನಾನು, ಎಲ್ಲವೂ ಅವರ ಮಾತಿನ ಮೇಲೆಯೇ ನಡೆಯುತ್ತಿತ್ತು. ಅಂಥವರಿಗೆ ವರ್ಷಕ್ಕೊಮ್ಮೆ ಒಂದೇ ಒಂದು ಹಟ. ಬೇಸಿಗೆಯಲ್ಲಿ ತಂಗಡಗಿಗೆ ಹೋಗಿ ತಂಗಿಯ ಜೊತೆ ಕುಳಿತು ಶಾವಿಗೆ ಮಾಡಬೇಕು.

ತಂಗಿಯನ್ನು ಮುದ್ದೇಬಿಹಾಳದ ಆಚೆಯ ತಂಗಡಗಿಗೆ ಕೊಟ್ಟಿದ್ದರು. ಲಗ್ನವಾದ ಮೇಲೆ ಅಕ್ಕ ತಂಗಿ ನಾಲ್ಕು ದಿನ ಒಟ್ಟಿಗಿರುತ್ತಿದ್ದುದು ಆ ಶಾವಿಗೆಯ ನೆವದಲ್ಲಿ ಮಾತ್ರ. ಹಿಟ್ಟು ಅಕ್ಕನದು, ಮಣೆ ತಂಗಿಯದು. ಇಳಿಜಾರಾಗಿ ನಿಲ್ಲಿಸಿದ ಆ ಉದ್ದನೆಯ ಮಣೆಯ ಮೇಲೆ ಒಬ್ಬರು ಹಿಟ್ಟು ಹೊಸೆಯಬೇಕು, ಕೆಳಗೆ ಇಳಿಯುವ ಎಳೆಗಳನ್ನು ಇನ್ನೊಬ್ಬರು ಹಿಡಿದು ಕೋಲಿಗೆ ಹಾಕಿ ಬಿಸಿಲಿಗೆ ಒಯ್ಯಬೇಕು. ಅದು ಒಬ್ಬರಿಂದ ಆಗುವ ಕೆಲಸವೇ ಅಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಅವರನ್ನು ಕರೆದೊಯ್ಯುತ್ತಿದ್ದದ್ದು ನಮ್ಮ ಮಾವನ ಕಾಲದ ಹಳೆಯ ಬಿಳಿ ಕಾರು, ನಡೆಸುತ್ತಿದ್ದವಳು ನಾನು. ನನ್ನ ಗಂಡನಿಗೆ ಮುದ್ದೇಬಿಹಾಳದಲ್ಲಿ ನೌಕರಿ, ಅಲ್ಲೇ ಕೋಣೆ ಮಾಡಿಕೊಂಡಿದ್ದರು. ನಾನು ಇಂಡಿಯ ಹತ್ತಿರದ ಒಂದು ಹಳ್ಳಿ ಶಾಲೆಯಲ್ಲಿ ಶಿಕ್ಷಕಿ. ಹೆಂಗಸು ಕಾರು ಹೊಡೆಯುತ್ತಾಳೆಂದು ಮಂದಿ ತಿರುಗಿ ನೋಡುತ್ತಿದ್ದ ಕಾಲ. ನೋಡಿದವರನ್ನು ನಾನೂ ತಿರುಗಿ ದಿಟ್ಟಿಸುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆಗಲೂ ಈಗಲೂ.

ಆ ಕಾರಿಗೆ ಸಿಗುತ್ತಿದ್ದ ನಿಂಬೆಹಣ್ಣಿನ ಮರ್ಯಾದೆ ಜಿಲ್ಲೆಯಲ್ಲಿ ಬೇರೆ ಯಾವ ವಾಹನಕ್ಕೂ ಸಿಕ್ಕಿರಲಿಕ್ಕಿಲ್ಲ. ಉಳಿದವರು ಹಬ್ಬಕ್ಕೋ ಅಮಾವಾಸ್ಯೆಗೋ ಗಾಲಿಗೆ ನಿಂಬೆಹಣ್ಣು ಇಡುತ್ತಾರೆ. ಹಿತ್ತಿಲ ತುಂಬ ನಿಂಬೆ ಗಿಡ ಇದ್ದವರಿಗೆ ಅಮಾವಾಸ್ಯೆಯ ದಾರಿ ಯಾಕೆ ಕಾಯಬೇಕು? ನಾನು ಸಿಂದಗಿಗೆ ಹೊರಟರೂ ಅತ್ತೆ ಉಡಿಯಲ್ಲಿ ಹಣ್ಣು ತುಂಬಿಕೊಂಡು ಬರುತ್ತಿದ್ದರು. ಗಾಲಿಗೊಂದು ಇಟ್ಟು, ದೂರ ಸರಿದು, “ಹೂಂ, ಹೊಡಿ” ಎನ್ನುತ್ತಿದ್ದರು. ಪಚಕ್ ಎಂದು ಹಣ್ಣು ಒಡೆದು ರಸ ಮಡ್‌ಗಾರ್ಡಿನ ಒಳಗೆಲ್ಲ ಸಿಡಿಯುತ್ತಿತ್ತು. ಆ ಸದ್ದು ಕೇಳಿದ ಮೇಲೆಯೇ ಅವರ ಮುಖಕ್ಕೆ ಸಮಾಧಾನ ಬರುತ್ತಿತ್ತು.

ಆ ಮಡ್‌ಗಾರ್ಡಿನ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದು ಎಷ್ಟೋ ವರ್ಷವಾಗಿತ್ತು, ಸುಟ್ಟ ಹಪ್ಪಳದ ಹಾಗೆ. ದಸರೆ ಬಂತೆಂದರೆ ನನ್ನ ಗಂಡ ಆ ಗುಳ್ಳೆಗಳ ಮೇಲೆಯೇ ಪುಟ್ಟಿ ಮೆತ್ತಿಸಿ ಬಿಳಿ ಬಣ್ಣ ಹೊಡೆಸಿ ಕೈ ತೊಳೆದುಕೊಳ್ಳುತ್ತಿದ್ದರು. ದೀಪಾವಳಿಗೆ ಗುಳ್ಳೆ ಮತ್ತೆ ಹಾಜರು.

ಅಂಥ ಒಂದು ಬೇಸಿಗೆಯಲ್ಲಿ ನಾವಿಬ್ಬರೂ ಶಾವಿಗೆ ಹಿಟ್ಟಿನ ಚೀಲವನ್ನು ಹಿಂದಿನ ಸೀಟಿನ ಮುಂದೆ ಅತ್ತೆಯ ಕಾಲ ಬಳಿ ಇಟ್ಟುಕೊಂಡು ಹೊರಟೆವು. ಬಸವನ ಬಾಗೇವಾಡಿ ಇನ್ನೇನು ಬಂತು ಅನ್ನುವಾಗ ಎಲ್ಲಿತ್ತೋ ಅಡ್ಡಮಳೆ, ಧೋ ಎಂದು ಸುರಿಯಿತು. ರಸ್ತೆಯ ಕುಣಿಗಳೆಲ್ಲ ತುಂಬಿದವು. ಒಂದು ಕುಣಿಯಲ್ಲಿ ಗಾಲಿ ಇಳಿದು ಎದ್ದದ್ದೇ ತಡ, ಹಿಂದಿನಿಂದ ಕೂಗು ಬಂತು.

“ಯವ್ವಾ, ನಿಲ್ಸ! ಗಾಡ್ಯಾಗ ನೀರ ಬರಾಕತ್ತೈತಿ!”

ಕಿಟಕಿ ಏರಿಸಿಲ್ಲವೇನೋ ಅಂದುಕೊಂಡೆ. ಇಳಿದು ಹಿಂದಿನ ಬಾಗಿಲು ತೆಗೆದು ನೋಡಿದರೆ ನೀರು ಬಂದದ್ದು ಕೆಳಗಿನಿಂದ. ಮಡ್‌ಗಾರ್ಡ್ ಒಳಗೊಳಗೇ ತೂತು ಬಿದ್ದು, ಗಾಲಿ ಎರಚಿದ ಎರೆಮಣ್ಣಿನ ರಾಡಿ ನೇರವಾಗಿ ಅತ್ತೆಯ ಇಳಕಲ್ ಸೀರೆಯ ನಿರಿಗೆಗೆ ಹೊಡೆದಿತ್ತು. ಹಿಟ್ಟಿನ ಚೀಲದ ತಳ ಕಪ್ಪಗೆ ತೊಯ್ದು ಹೋಗಿತ್ತು. ಅತ್ತೆ ಚೀಲದ ಬಾಯಿ ಬಿಚ್ಚಿ ಕೈ ಹಾಕಿ ನೋಡಿ, ಮತ್ತೆ ಕಟ್ಟಿದರು.

“ತಿರುಗಸ ಗಾಡಿ. ಬರಿಗೈಲೆ ತಂಗಿ ಮನಿಗಿ ಹೋಗಾಕಿ ಅಲ್ಲ ನಾ.”

ಗಾಡಿ ತಿರುಗಿಸಿದೆ. ಮನೆಗೆ ಬಂದು ತಂಗಿಗೆ ಫೋನು ಹಚ್ಚಿಕೊಟ್ಟೆ. ಆ ಕಡೆಯ ದನಿ ನನಗೂ ಕೇಳುವಷ್ಟು ಜೋರಾಗಿತ್ತು.

“ಅಕ್ಕಾ, ನೀ ಬರೂತನಕಾ ನಾ ಮಣಿ ಅಟ್ಟದ ಮ್ಯಾಲಿಂದ ಕೆಳಗ ಇಳಸೂದಿಲ್ಲ ನೋಡು.”

ಹೇಳುವುದು ಸುಲಭ. ಶಾವಿಗೆ ಒಣಗಲು ಕಾದ ಬಿಸಿಲು ಬೇಕು. ರೋಹಿಣಿ ಮಳೆ ಹಿಡಿಯಿತೆಂದರೆ ಆ ವರ್ಷದ ಶಾವಿಗೆಯೂ ಇಲ್ಲ, ಅಕ್ಕ ತಂಗಿಯ ಭೇಟಿಯೂ ಇಲ್ಲ. ಬಾಡಿಗೆ ಕಾರು ತರಿಸೋಣ ಅಂದರೆ ಅತ್ತೆ ನನ್ನ ಮೇಲೆಯೇ ಹಾರಿಬಿದ್ದರು. “ಮನ್ಯಾಗ ಗಾಡಿ ಇಟ್ಕೊಂಡ, ಮಂದಿ ಗಾಡ್ಯಾಗ ಹೋಗಿ ಇಳೀಲೇನ?” ಅಂದರು. ಗಂಡನಿಗೆ ಫೋನು ಮಾಡಿದರೆ ಅವರದು ಬೇರೆಯೇ ರಾಗ.

“ಗುಜರಿಗೆ ಹಾಕಿಬಿಡೂಣು ಅದನ್ನ. ಎಷ್ಟಂತ ತ್ಯಾಪಿ ಹಚ್ಚೂದು? ಅವ್ವನ್ನ ಬಸ್ಸಿಗೆ ಹತ್ತಿಸಿ ಕಳಸು, ನಾ ಇಲ್ಲಿ ಇಳಿಸ್ಕೋತೇನಿ.”

“ಇಳಿಸ್ಕೊಳ್ಳೂದು ಯಾರರೆ ಮಾಡ್ತಾರ್ರಿ, ಹತ್ತಸೂದ ಹೆಂಗ ಅಂತ ಹೇಳ್ರಿ ಮೊದಲ,” ಎಂದು ಫೋನು ಕುಕ್ಕಿದೆ.

ಮರುದಿನ ಕಾರನ್ನು ಸಿಂದಗಿಗೆ ಒಯ್ದೆ. ಅಲ್ಲಿ ರಸ್ತೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಬ್ಬ ಮಿಸ್ತ್ರಿ ಲಾರಿ, ಟ್ರ್ಯಾಕ್ಸ್ ಜೀಪುಗಳ ತಗಡು ಬಡಿದು ಕೂಡಿಸುವ ಪತ್ರಾ ಕೆಲಸ ಮಾಡುತ್ತಿದ್ದ. ಬಾಯಿಬಡುಕ, ಮಾತು ಮಾತಿಗೂ ನಗು. ಅತ್ತೆ ನಾನೂ ಬರುತ್ತೇನೆಂದು ಹಿಂದೆ ಕುಳಿತು ಬಂದಿದ್ದರು. ಅವನು ಗಾಲಿ ಬಿಚ್ಚಿ, ತಲೆ ಒಳಗೆ ತೂರಿಸಿ, ಸ್ಕ್ರೂಡ್ರೈವರಿನಿಂದ ಚುಚ್ಚಿದ. ಅದು ಹಿಡಿಕೆಯ ತನಕ ಒಳಗೆ ಹೋಯಿತು. ಪುಟ್ಟಿಯೂ ಬಣ್ಣವೂ ಬಿಟ್ಟರೆ ಅಲ್ಲಿ ಲೋಹ ಇರಲೇ ಇಲ್ಲ. ಮಡ್‌ಗಾರ್ಡಿನ ಅಂಚು ಒಳಕ್ಕೆ ಮಡಚುವ ಸಂದಿಯಲ್ಲಿ ಮಣ್ಣು ಇಟ್ಟಂಗಿಯಂತೆ ಗಟ್ಟಿಯಾಗಿ ಕುಳಿತಿತ್ತು. ಅವನು ಒಂದು ಹೆಂಟೆ ಕಿತ್ತು ಅಂಗೈಯಲ್ಲಿ ಒಡೆದ. ಒಳಗೆ ಕಪ್ಪಗೆ ಒಣಗಿದ ಸಿಪ್ಪೆ, ಬೀಜ.

“ಏನ್ರಿ ಅಕ್ಕೋರ, ಮಡಗಾರ್ಡಿನ್ಯಾಗ ನಿಂಬಿಕಾಯಿ ಉಪ್ಪಿನಕಾಯಿ ಹಾಕೀರೇನ್ರಿ?”

ನಾನು ನಕ್ಕೆ. ಅತ್ತೆ ನಗಲಿಲ್ಲ. ಆ ಸಿಪ್ಪೆಯನ್ನು ಅವನ ಕೈಯಿಂದ ತೆಗೆದುಕೊಂಡು ನೋಡುತ್ತ ನಿಂತರು.

“ನಿಂಬಿಹಣ್ಣಿನ್ದ ಸ್ವಲ್ಪರಿ, ಮಣ್ಣಿನ್ದ ಭಾಳ,” ಅಂದ ಅವನು, ನಗು ತಗ್ಗಿಸಿ. “ಎರಿಮಣ್ಣ ನೀರ ಹಿಡಕೊಂಡ ಕುಂಡ್ರತೈತಿ, ಬಿಡೂದಿಲ್ಲ. ಆವಾಗಾವಾಗ ತೊಳದಿದ್ರ ಜಂಗ ಹಿಡೀತಿರಲಿಲ್ಲ.”

ಲಗ್ನದ ಹಂಗಾಮು, ಅವನ ಕೆಲಸಗಾರರೆಲ್ಲ ಊರಿಗೆ ಹೋಗಿದ್ದರು. ತುಕ್ಕು ಪೂರ್ತಿ ಕೆರೆದು ತಂದರೆ ಪತ್ರಾ ಕೂಡಿಸಿ ವೆಲ್ಡಿಂಗ್ ಮಾಡಿಕೊಡುತ್ತೇನೆ, ಕೆರೆಯುವುದೂ ನನ್ನದೇ ಅಂದರೆ ಮಳೆಗಾಲ ಬಂದೀತು ಅಂದ. ಬೇಸಿಗೆಯ ಸೂಟಿಗೆಂದು ಮಕ್ಕಳಿಗೆ ಮನೆಗೆಲಸ ಕೊಟ್ಟು ಬಂದವಳಿಗೆ ಅವನು ಮನೆಗೆಲಸ ಕೊಟ್ಟು ಕಳಿಸಿದ.

ದಾರಿಯಲ್ಲಿ ಅತ್ತೆ ಹಿಂದಿನ ಸೀಟಿನಿಂದ ಕೇಳಿದರು.

“ನಿಮಗ ಏನೂ ಆಗಬಾರದು ಅಂತ ಇಟ್ಟೆ. ಗಾಡಿನ ತಿಂದ ಬಿಟ್ಟೆ ಏನ ನಾನು?”

“ತಿಂದದ್ದು ಮಣ್ಣರಿ ಅತ್ತಿ. ಅಂವಾ ಹೇಳಿದ್ದ ಕೇಳಲಿಲ್ಲೇನ್ರಿ?”

“ಸಿಪ್ಪಿ ಸಿಕ್ಕಿದ್ದ ಖರೇನೋ ಸುಳ್ಳೋ?”

ಕನ್ನಡಿಯಲ್ಲಿ ಅವರ ಮುಖ ಸಣ್ಣದಾಗಿ ಕಂಡಿತು. ಮನೆಯನ್ನೆಲ್ಲ ಆಳುವ ಹೆಂಗಸು ಹಾಗೆ ಕುಗ್ಗಿ ಕುಳಿತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ, ನನಗೆ ಸಂಕಟವಾಯಿತು. ಶಾವಿಗೆ ಆಗಲಿ ಬಿಡಲಿ, ಈ ಮುಖ ಸರಿಹೋಗಬೇಕು ಅನ್ನಿಸಿತು.

ಬೆಳಿಗ್ಗೆ ನಾನು ಅಂಗಳದಲ್ಲಿ ಕಾರಿಗೆ ಜ್ಯಾಕ್ ಕೊಟ್ಟು, ಕೆಳಗೆ ಕಟ್ಟಿಗೆಯ ದಿಮ್ಮಿ ಇಟ್ಟು, ಗಾಲಿ ಬಿಚ್ಚುವಷ್ಟರಲ್ಲಿ ಅತ್ತೆ ಬಂದರು. ಒಂದು ಕೈಯಲ್ಲಿ ಕೂರುವ ಮಣೆ, ಇನ್ನೊಂದು ಕೈಯಲ್ಲಿ ಕಸ ತೆಗೆಯುವ ಕುರಪಿ. ಬೇಡ ಅಂದರೆ ಕೇಳುವವರೇ ಅವರು? ಮಣೆ ಹಾಕಿಕೊಂಡು, ಕಾಲು ಉದ್ದಕ್ಕೆ ಚಾಚಿ, ಮಡ್‌ಗಾರ್ಡಿನ ಸಂದಿಗೆ ಕುರಪಿ ಇಟ್ಟರು. ಮಣ್ಣು ಪದರು ಪದರಾಗಿ ಉದುರತೊಡಗಿತು. ನಾನು ತಂತಿಯ ಬ್ರಷ್ ಹಿಡಿದು ತುಕ್ಕು ಉಜ್ಜಿದೆ. ಕೆಂಪು ಪುಡಿ ಕಣ್ಣಿಗೆ, ಮೂಗಿಗೆ, ತಲೆಗೆ. ಸ್ವಲ್ಪ ಹೊತ್ತಿಗೆ ಇಬ್ಬರ ಮುಖವೂ ಓಕುಳಿ ಆಡಿ ಬಂದವರಂತಾಗಿತ್ತು.

ನಾನು ಅವಸರದವಳು. ಮೇಲಿನ ತುಕ್ಕು ಹಾರಿ ಒಂದಷ್ಟು ಹೊಳಪು ಕಂಡ ಕೂಡಲೇ ಇಷ್ಟು ಸಾಕು ಅಂದೆ. ಅತ್ತೆ ಬೆರಳಿನಿಂದ ಸವರಿ ನೋಡಿ ನನ್ನನ್ನು ಬೈದರು.

“ಕರಕಿ ಮ್ಯಾಲ ಕೊಯ್ದರ ಹೋಗತೈತೇನ? ಬೇರ ಇಲ್ಲೇ ಐತಿ ನೋಡು. ತೆಗಿ.”

ಗರಿಕೆ ಹುಲ್ಲಿನ ಬೇರು ಹಿಡಿದು ಹೊಲವೆಲ್ಲ ತಿರುಗಿದ ಕೈ ಅದು. ತೆಗೆದೆ. ತೆಗೆಯುತ್ತ ಹೋದಂತೆ ತೂತು ದೊಡ್ಡದಾಗುತ್ತ ಹೋಯಿತು, ಕಡೆಗೆ ನನ್ನ ಮುಷ್ಟಿ ಸಲೀಸಾಗಿ ಆಚೆ ಹೋಗುವಷ್ಟು. ಗುಜರಿ ಅಂದ ಗಂಡನೇ ಸರಿಯೇನೋ ಅನ್ನಿಸಿ ಬ್ರಷ್ ಬಿಸಾಕಿ ಕುಳಿತೆ. ಅತ್ತೆ ಕುರಪಿಯ ಹಿಡಿಕೆಯಿಂದ ತೂತಿನ ಸುತ್ತ ಒಂದೊಂದೇ ಕಡೆ ತಟ್ಟುತ್ತ ಬಂದರು. ಟಣ್. ಟಣ್. ಟಣ್.

“ಹೋದದ್ದ ಹೋತು. ಉಳದದ್ದ ಗಟ್ಟಿ ಐತಿ. ಏಳು.”

ಸಿಂದಗಿಯ ಮಿಸ್ತ್ರಿ ನಮ್ಮ ಕೆಲಸ ನೋಡಿ ಸಿಳ್ಳೆ ಹಾಕಿದ. ಹೊಸ ಪತ್ರಾ ಕತ್ತರಿಸಿ, ಬಡಿದು ಬಗ್ಗಿಸಿ, ಸುತ್ತಲೂ ಗ್ಯಾಸ್ ವೆಲ್ಡಿಂಗ್ ಮಾಡಿದ. ಮೇಲೆ ಕೆಂಪು ಪ್ರೈಮರ್, ಅದರ ಮೇಲೆ ಒಳಭಾಗಕ್ಕೆಲ್ಲ ಡಾಂಬರು. ಅತ್ತೆ ಕಬ್ಬಿಣದ ಸ್ಟೂಲಿನ ಮೇಲೆ ಕುಳಿತು ಕಣ್ಣು ಕೀಳದೆ ನೋಡುತ್ತಿದ್ದರು.

“ಇನ್ನ ಎಷ್ಟ ವರ್ಷ ಬರತೈತೋ ತಮ್ಮಾ ಇದು?”

“ಅದು ನಿಮ್ಮ ಕೈಯಾಗ ಐತಿ ಯವ್ವಾರ. ಊರಿಂದ ಬಂದ ಕೂಡಲೇ ಗಾಲಿ ಸಂದ್ಯಾಗ ನೀರ ಹೊಡೀರಿ. ಮಣ್ಣ ಕುಂಡ್ರಾಕ ಬಿಡಬ್ಯಾಡ್ರಿ, ಅಷ್ಟ.”

ಅತ್ತೆ ತಲೆ ಆಡಿಸಿದರು. ಅವರು ಯಾರ ಮಾತಿಗೂ ಹಾಗೆ ತಲೆ ಆಡಿಸುವವರಲ್ಲ.

ಹೊಸ ಹಿಟ್ಟು ಬೀಸಿಸಿಕೊಂಡು ಭಾನುವಾರ ಹೊರಟೆವು. ರೋಹಿಣಿ ಮಳೆ ಇನ್ನೂ ಬಂದಿರಲಿಲ್ಲ, ಆದರೆ ಸಂಜೆಯಾದರೆ ಮೋಡ ಕಟ್ಟುತ್ತಿತ್ತು. ನಾನು ಗಾಡಿ ಚಾಲೂ ಮಾಡಿ ರೂಢಿಯಂತೆ ಕಾದೆ. “ಹೂಂ, ಹೊಡಿ” ಎಂಬ ಕೂಗು ಬರಲಿಲ್ಲ. ಕತ್ತು ಹೊರಹಾಕಿ ನೋಡಿದರೆ ಗಾಲಿಗಳ ಕೆಳಗೆ ಏನೂ ಇರಲಿಲ್ಲ. ಅತ್ತೆ ನನ್ನ ಕಿಟಕಿಯ ಬಳಿ ನಿಂತಿದ್ದರು, ಕೈಯಲ್ಲಿ ಒಂದೇ ಒಂದು ನಿಂಬೆಹಣ್ಣು. ಅದನ್ನು ನನ್ನ ಮುಖದ ಸುತ್ತ ನಿಧಾನವಾಗಿ ನಿವಾಳಿಸಿ, ಬೇಲಿಯ ಆಚೆ ದೂರ ಒಗೆದರು.

“ಗಾಲಿಗಿ ಇಟ್ಟ ಇಟ್ಟ, ಗಾಡಿ ನಡಸಾಕಿನ್ನ ಮರತ ಬಿಟ್ಟಿದ್ದೆ.”

ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ನನಗೆ ಅಷ್ಟು ಸಂತೋಷವಾದ ಇನ್ನೊಂದು ಗಳಿಗೆ ನೆನಪಿಲ್ಲ. ಕಣ್ಣು ತುಂಬಿ ಬಂತು. ತೋರಿಸಿಕೊಳ್ಳುವುದು ಹೇಗೆ? “ಲಗೂ ಕುಂಡ್ರಿ, ಬಿಸಲ ಏರಾಕತ್ತೈತಿ,” ಎಂದು ಗದರಿದೆ.

ಬಾಗೇವಾಡಿಯ ಹತ್ತಿರ ಅದೇ ಕುಣಿ, ಹಿಂದಿನ ದಿನದ ಅಡ್ಡಮಳೆಯ ನೀರು ತುಂಬಿಕೊಂಡು ನಮ್ಮ ದಾರಿಯನ್ನೇ ಕಾಯುತ್ತಿತ್ತು. ನಾನು ಗಾಡಿ ನಿಧಾನ ಮಾಡಿದೆ.

“ಅಂಜತಿ ಯಾಕ? ಹೊಡಿ,” ಅಂದರು ಹಿಂದಿನಿಂದ.

ಹೊಡೆದೆ. ನೀರು ಹೊಸ ಪತ್ರಾಕ್ಕೆ ಬಡಿದ ಸದ್ದು ಹಲಗೆ ಬಾರಿಸಿದಂತೆ ಕೇಳಿತು. ಸ್ಟೇರಿಂಗ್ ಬಿಗಿ ಹಿಡಿದು, “ಅತ್ತಿ?” ಎಂದೆ. ಅವರು ಬಗ್ಗಿ ಚೀಲದ ತಳ ಮುಟ್ಟಿ ನೋಡಿದರು.

“ಕಾಲ ಒಣಾ ಅದಾವ. ಹಿಟ್ಟೂ ಒಣಾ ಐತಿ. ನಡಿ.”

ಮುದ್ದೇಬಿಹಾಳದಲ್ಲಿ ನನ್ನ ಗಂಡ ರಸ್ತೆಯಲ್ಲೇ ನಿಂತಿದ್ದರು. ಕಾರಿಗೆ ಒಂದು ಸುತ್ತು ಹಾಕಿ, ಬಗ್ಗಿ ಮಡ್‌ಗಾರ್ಡ್ ತಟ್ಟಿ ನೋಡಿದರು. “ಗುಜರಿಯಾಂವ ಬಂದಾನ ನೋಡ್ರಿ, ತೂಕಾ ಮಾಡ್ತಾನೇನ ಕೇಳ್ರಿ,” ಎಂದೆ ಅತ್ತೆಗೆ. ಗಂಡ ಕೇಳಿಸದವರಂತೆ ಮುಂದಿನ ಸೀಟಿನಲ್ಲಿ ಕುಳಿತರು.

ತಂಗಡಗಿಯ ಮನೆ ಮುಟ್ಟಿದಾಗ ತಂಗಿ ತಂಬಿಗೆ ಹಿಡಿದು ಬಾಗಿಲಲ್ಲೇ ಇದ್ದರು. ನಮ್ಮ ಕಡೆ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಮಾತು. ಅತ್ತೆ ಒಂದೊಂದೇ ಕಾಲು ಇಳಿಸಿ, ಬಾಗಿಲು ಹಿಡಿದು ಎದ್ದು ನಿಂತು, ತಂಗಿಯ ಕೈಯಿಂದ ತಂಬಿಗೆ ಇಸಿದುಕೊಂಡರು. ಕಾಲಿಗೆ ಹಾಕಿಕೊಳ್ಳಲಿಲ್ಲ. ಗಾಡಿ ಹಿಡಿದುಕೊಂಡು ಹಿಂದಿನ ಗಾಲಿಯ ತನಕ ನಡೆದು, ಬಗ್ಗಲಾರದ ಸೊಂಟವನ್ನು ಬಗ್ಗಿಸಿ, ಆ ನೀರನ್ನು ಮಡ್‌ಗಾರ್ಡಿನ ಸಂದಿಗೆ ಎರಚಿದರು. ಕರಿ ರಾಡಿ ಇಳಿದು ಅಂಗಳದಲ್ಲಿ ಹರಿಯಿತು.

“ಇದೇನ ಅಕ್ಕಾ?” ಅಂದರು ತಂಗಿ.

“ಮೊದಲ ಇದರ ಕಾಲಿಗೆ ನೀರ ಕೊಡವಾ. ನನ್ನ ನಿನ್ನ ಮನಿತನಕಾ ಹೊತಗೊಂಡ ಬಂದದ್ದ ಇದು.”

ತಂಗಿ ನಗುತ್ತ ಒಳಗೆ ಹೋಗಿ ಕೊಡಪಾನ ತುಂಬಿ ತಂದರು. ನಾಲ್ಕೂ ಗಾಲಿಗೆ ನೀರು ಬಿತ್ತು. ಆ ಕಾರು ಆಮೇಲೂ ಎಷ್ಟೋ ಬೇಸಿಗೆ ಆ ದಾರಿಯಲ್ಲಿ ಓಡಿತು, ಎಲ್ಲಿ ನಿಂತರೂ ಮೊದಲ ತಂಬಿಗೆ ಅದರದೇ ಆಯಿತು. ಆದರೆ ನನಗೆ ಚೆನ್ನಾಗಿ ನೆನಪಿರುವುದು ಆ ಮೊದಲ ದಿನ. ಎಲ್ಲ ತೊಳೆದಾದ ಮೇಲೆ ಅತ್ತೆ ಸೀರೆ ತುಸು ಎತ್ತಿ, “ಈಗ ನನ್ನ ಕಾಲಿಗೆ ಹಾಕು” ಎಂದರು. ತಂಗಿ ನೀರು ಹಾಕಿ, ಅಕ್ಕನ ಕೈ ಹಿಡಿದು ಒಳಗೆ ಕರೆದೊಯ್ದರು. ನಾನು ಹಿಟ್ಟಿನ ಚೀಲ ಒಳಗಿಟ್ಟು, ಏಣಿ ಹಚ್ಚಿ, ಅಟ್ಟದ ಮೇಲಿಂದ ಶಾವಿಗೆ ಮಣೆ ಇಳಿಸಿದೆ.