ಬಲ್ಬು ಹತ್ತಿದ್ದಕ್ಕೆ ಕೊಯ್ದ ಕುರಿ

ಉಣ್ಣೆ ಹಿಂಜುವ ಯಂತ್ರಕ್ಕೆ ಬುರುಲ್ಚಾ ಒಂದು ಹಿಡಿ ಉಣ್ಣೆ ತಿನ್ನಿಸಿದ್ದೇ ತಡ, ಬಾಗಿಲ ಮೇಲಿನ ಬಲ್ಬು ಮಂಕಾಗಿ ಕೆಂಡದಂತೆ ಕೆಂಪಗಾಯಿತು. ಉರುಳೆ ನರಳಿ ನಿಂತಿತು.

"ಉಣ್ಣೆ ಹಸಿ ಇದೆ ಅತ್ತಿಗೆ," ಎಂದ ಮೈದುನ ಜುಮಾಶ್.

"ವಾರದಿಂದ ಇದೇ ರಾಗ! ಹಸಿ ಇರೋದು ನಿನ್ನ ತಲೆ."

ನರಿನ್ ಕಣಿವೆಯ ಆ ಊರಿನಲ್ಲಿ ಕಾಲುವೆ ನೀರಿನ ಚಕ್ರದಿಂದ ತಿರುಗಿ ಯಂತ್ರಕ್ಕೆ ವಿದ್ಯುತ್ ಕೊಡುವ ಹಳೆಯ ಡೈನಮೊವನ್ನು ಜುಮಾಶ್ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದ್ದ. ಒಂದು ಬಲ್ಬು ಹತ್ತಿತು. ಅಷ್ಟಕ್ಕೇ ಊರವರು ಕುರಿ ಕೊಯ್ದು ಹಬ್ಬ ಮಾಡಿದರು. ಊರಿನ ಹಿರಿಯ ಕೊಜುಬಾಯ್ ಅಜ್ಜ ಅಂಗೈ ಬಿಡಿಸಿ ಹರಸಿ, ಮುಖ ಸವರಿಕೊಂಡರು. ಹಿರಿಯರು ಹರಸಿದ್ದನ್ನು ಮತ್ತೆ ಬಿಚ್ಚಿದರೆ ಅವರ ಮುಖಕ್ಕೆ ಉಗಿದ ಹಾಗೆ. ಹಾಗಾಗಿ ಯಂತ್ರ ನಿಂತಾಗಲೆಲ್ಲ ತಪ್ಪು ಉಣ್ಣೆಯದಾಯಿತು. ಹೆಂಗಸರು ಒಣಗಿಸಿದ್ದನ್ನೇ ಮತ್ತೆ ಒಣಗಿಸಿದರು. ಅಷ್ಟರಲ್ಲಿ ಕಾಲುವೆಯಂಚಿಗೆ ಮಂಜುಗಡ್ಡೆ ಕಟ್ಟತೊಡಗಿತ್ತು. ನೀರು ಹೆಪ್ಪುಗಟ್ಟಿದರೆ ವಸಂತದವರೆಗೆ ಯಂತ್ರವಿಲ್ಲ. ಹಿಂಜದ ಉಣ್ಣೆಯಿಂದ ಮಾರಲು ನೆಲಹಾಸು ಮಾಡಲಾಗದು, ಚಳಿಗಾಲದ ದುಡಿಮೆಯೂ ಇಲ್ಲ.

ಬುರುಲ್ಚಾ ನೀರಿನ ತೂಬು ಇಳಿಸಿ ಚಕ್ರ ನಿಲ್ಲಿಸಿ, ಸ್ಪ್ಯಾನರ್ ಎತ್ತಿಕೊಂಡಳು. ಜುಮಾಶ್ ಅಡ್ಡ ನಿಂತ.

"ಅಜ್ಜ ಹರಸಿದ್ದಾರೆ!"

"ಅವರು ಹರಸಿದ್ದು ಬಲ್ಬನ್ನ ಕಣೋ. ಉಣ್ಣೆ ಹಾಕಿ ಓಡ್ಸಿ ತೋರ್ಸಿದ್ಯಾ? ನೀನು ಕುರಿ ತೊಡೆ ಮೇಲೆ ಕಣ್ಣಿಟ್ಕೊಂಡು ಕೂತಿದ್ದೆ. ಸರಿ ಆಚೆ!"

ಗಂಡ ಬದುಕಿದ್ದಾಗ ಅವನ ಜೊತೆ ಎಷ್ಟೋ ಸಲ ಈ ಡೈನಮೊವನ್ನು ಬಿಚ್ಚಿದ್ದವಳಿಗೆ ಮುಚ್ಚಳ ತೆಗೆದೊಡನೆ ತಪ್ಪು ಕಂಡಿತು. ಒಳಗೆ ಎರಡು ಬಗೆಯ ಸುರುಳಿಗಳು. ತೆಳು ತಂತಿಯದು ಸದಾ ಕಾಂತಬಲ ಕೊಡುತ್ತದೆ. ದಪ್ಪ ತಂತಿಯಲ್ಲಿ ಯಂತ್ರ ಎಳೆಯುವ ವಿದ್ಯುತ್ತೆಲ್ಲ ಹರಿಯುತ್ತದೆ. ಭಾರ ಹೆಚ್ಚಿದಷ್ಟೂ ಅದು ತೆಳು ತಂತಿಗೆ ಹೆಗಲು ಕೊಡಬೇಕು. ಜುಮಾಶ್ ದಪ್ಪ ತಂತಿಯ ತುದಿಗಳನ್ನು ಅದಲುಬದಲು ಕಟ್ಟಿದ್ದ. ಹೆಗಲು ಕೊಡಬೇಕಾದದ್ದು ಎದುರು ನಿಂತಿತ್ತು. ಒಂದು ಬಲ್ಬಿನ ಭಾರಕ್ಕೆ ಅದು ಗೊತ್ತಾಗುವುದಿಲ್ಲ. ಹಿಂಜುವ ಯಂತ್ರದ ಮೋಟಾರು ಎಳೆದಾಗ ಮಾತ್ರ ಡೈನಮೊ ತನ್ನ ಕಾಂತಬಲವನ್ನು ತಾನೇ ಹಿಸುಕುತ್ತಿತ್ತು.

ಬಾಗಿಲಲ್ಲಿ ಕೊಜುಬಾಯ್ ಅಜ್ಜ ನಿಂತಿದ್ದರು. "ನನ್ನ ಮಾತಿಗೆ ಬೆಲೆ ಇಲ್ವೇನಮ್ಮ?"

"ಇದೆಯಲ್ಲ ಅಜ್ಜ. ಕಾಲುವೆಗೂ ಒಂದು ಮಾತು ಹರಸಿಬಿಡಿ, ಹೆಪ್ಪುಗಟ್ಟಬೇಡ ಅಂತ."

ಅಜ್ಜ ಬೆನ್ನು ತಿರುಗಿಸಿ ಹೊರಟುಹೋದರು. ಅವಳು ತುದಿಗಳನ್ನು ಬದಲಿಸಿ ಬಿಗಿದು, ತೂಬು ಎತ್ತಿದಳು. ಉರುಳೆ ಉಣ್ಣೆ ಎಳೆದುಕೊಂಡು ತಿರುಗಿತು, ಬಲ್ಬು ಮಂಕಾಗಲಿಲ್ಲ.

"ನೋಡಿದ್ರಾ, ಉಣ್ಣೆ ಒಣಗಿದೆ," ಎಂದ ಜುಮಾಶ್.

ಬುರುಲ್ಚಾ ಎಸೆದ ಸ್ಪ್ಯಾನರ್ ಅವನ ಕಾಲ ಬಳಿ ಬಂದು ಬಿತ್ತು.

ಕಾಲುವೆ ಹೆಪ್ಪುಗಟ್ಟುವ ಹೊತ್ತಿಗೆ ಊರಿನ ಅರ್ಧ ಉಣ್ಣೆ ಹಿಂಜಿ ಮುಗಿದಿತ್ತು. ಹಾಳಾದ ಆ ವಾರದಿಂದಾಗಿ ಹಿಂಜದೆ ಉಳಿದ ಅರ್ಧದ ಮನೆಗಳವರು ಆ ಚಳಿಗಾಲ ನೆಲಹಾಸು ಮಾಡಲಿಲ್ಲ.