ಗ್ಯಾನಮ್ಮನ ಅವಸರ

ಗೊರೇಬಾಳದ ಗ್ಯಾನಮ್ಮ ನಾಟಿ ಹೆಂಗಸರ ಗುಂಪಿನ ಮುಂದಾಳು. ಕೂತಲ್ಲಿ ಕೂರದವಳು, ಉಣ್ಣುವಾಗಲೂ ಒಂದು ಕಾಲು ಹೊಸ್ತಿಲಾಚೆ. ಊರವರಿಗೆ ಅವಳು ಅವಸರದ ಗ್ಯಾನಮ್ಮ. ಈ 'ಅವಸರ' ಎಂಬ ಮಾತಿಗೆ ಸುತ್ತಲಿನ ವಲಸಿಗರ ಕ್ಯಾಂಪುಗಳಲ್ಲಿ ಕ್ಯಾಂಪಿಗೊಂದು ಅರ್ಥವಿದೆ ಎಂಬುದನ್ನು ಅವಳು ಕೂಲಿಗೆ ಹೋಗಿ ಹೋಗಿಯೇ ಕಲಿತಿದ್ದಳು. ತೆಲುಗು ಕ್ಯಾಂಪಿನ ರೈತ 'ಅವಸರಂ' ಎಂದರೆ ಅವನಿಗೆ ಆಳು ಬೇಕಾಗಿದೆ. ಟೀವಿಯ ಹಿಂದಿಯಲ್ಲಿ ಅದು ಅವಕಾಶ. ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಳಿ ಶೆಫಾಲಿ ಮಾತ್ರ, 'ಅಬೋಶೋರ್' ಎಂದರೆ ಕೆಲಸವಿಲ್ಲದೆ ಸುಮ್ಮನೆ ಕೂರುವ ಹೊತ್ತು ಎಂದಿದ್ದಳು.

"ಅಂಥಾದ್ದೂ ಇರ್ತೈತೇನು!" ಎಂದು ಗ್ಯಾನಮ್ಮ ಬಿದ್ದು ಬಿದ್ದು ನಕ್ಕಿದ್ದಳು.

ಮಗಳು ಯಮನೂರಮ್ಮ ಮೈನೆರೆದ ದಿನವೂ ಗ್ಯಾನಮ್ಮ ಯಾರದೋ ಗದ್ದೆಯಲ್ಲಿದ್ದಳು. ಚೊಚ್ಚಲ ಹೆರಿಗೆಗಾದರೂ ಪಕ್ಕದಲ್ಲೇ ಇರುತ್ತೇನೆಂದು ಮಗಳ ಕೈ ಹಿಡಿದು ಮಾತು ಕೊಟ್ಟಿದ್ದಳು.

ತೊಂಬತ್ತೆರಡರ ಆಗಸ್ಟಿನ ಒಂದು ನಸುಕಿನಲ್ಲಿ ನೋವು ಶುರುವಾಯಿತು. ಅಂದೇ ಶೆಫಾಲಿಯ ಗದ್ದೆಯ ನಾಟಿ. ಸಂಜೆಗೆ ಕಾಲುವೆ ನೀರು ನಿಲ್ಲುವುದಿತ್ತು.

"ಚೊಚ್ಚಲ ಐತಿ, ಸಂಜೀತನಕ ಏನೂ ಆಗಂಗಿಲ್ಲ," ಎಂದಳು ಸೂಲಗಿತ್ತಿ ಶಂಶಾದ್‌ಬೀ.

ಮುಂದಾಳು ಮೊದಲ ಹಿಡಿ ಸಸಿ ಊರದೆ ಹೆಂಗಸರು ಕೆಸರಿಗಿಳಿಯುವುದಿಲ್ಲ. ಒಂದು ಹಿಡಿ ಊರಿ ಓಡಿ ಬಂದರಾಯಿತು ಎಂದು ಗ್ಯಾನಮ್ಮ ಹೊರಟೇಬಿಟ್ಟಳು.

ಊರಿದ್ದೇ ತಪ್ಪಾಯಿತು. ಗದ್ದೆಯ ಮಡಿ ಮುಗಿಯದೆ ಮುಂದಾಳು ಬದು ಹತ್ತಿದರೆ ಗುಂಪೆಲ್ಲ ಹತ್ತಬೇಕು. ಯಾರೂ ನಡುವೆ ಜಾರಿಕೊಳ್ಳಬಾರದೆಂದು ಆ ಕಟ್ಟಳೆ ಹಾಕಿದವಳೂ ಅವಳೇ, ಪುಣ್ಯಾತ್ಗಿತ್ತಿ! ಕೈ ಸಸಿ ಊರುತ್ತಿತ್ತು, ಜೀವ ಊರಿನ ಕಡೆ ಎಳೆಯುತ್ತಿತ್ತು. ಸಾಲು ಸೊಟ್ಟಗಾಯಿತು, ಸಸಿಗಳು ಕಿತ್ತು ತೇಲಿದವು.

"ಏನ್ ಆಯ್ತು ದೀದಿ?" ಎಂದಳು ಬದುವಿನ ಮೇಲಿದ್ದ ಶೆಫಾಲಿ.

"ಮಗಳು ಬ್ಯಾನಿ ತಿನ್ನಾಕತ್ತಾಳವ್ವಾ..."

ಶೆಫಾಲಿ ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದು ಸಸಿಯ ಕಟ್ಟು ಕಸಿದುಕೊಂಡಳು. "ಹೋಗು. ಇವತ್ತು ನಾನೇ ಮುಂದೆ." ಹೆಂಗಸರು ಗುಜುಗುಟ್ಟಿದರು, ಆದರೆ ಯಾರೂ ಬದು ಹತ್ತಲಿಲ್ಲ.

ಗ್ಯಾನಮ್ಮ ಕೆಸರುಗಾಲಲ್ಲೇ ಓಡಿದಳು. ಎಡವಿ ಬಿದ್ದಳು, ತನಗೆ ತಾನೇ ಶಾಪ ಹಾಕಿಕೊಂಡಳು. ಬಾಗಿಲಿಗೆ ಬರುವಷ್ಟರಲ್ಲಿ ಒಳಗಿಂದ ಕೂಸಿನ ಅಳು ಕೇಳಿಸಿತು.

"ಹೆಣ್ಣು ಕೂಸು. ಇಬ್ಬರೂ ಛಲೋ ಅದಾರ," ಎಂದಳು ಶಂಶಾದ್‌ಬೀ.

ಗ್ಯಾನಮ್ಮ ಒಳಗೆ ಬಂದು ಗೋಡೆ ಹಿಡಿದು ನಿಂತಳು. ಯಮನೂರಮ್ಮ ಅವಳ ಕೆಸರು ಮೆತ್ತಿದ ಕಾಲನ್ನೊಮ್ಮೆ ನೋಡಿದಳು. ದನಿ ದಣಿದಿತ್ತು, ಅದರಲ್ಲಿ ಸಿಟ್ಟಿರಲಿಲ್ಲ.

"ಕೂಸಿನ್ನ ನೋಡಿದೆಲ್ಲ ಯವ್ವಾ. ಇನ್ನ ಹೋಗು, ಮಂದಿ ಕಾಯಾಕತ್ತಿರಬೇಕು."